ನಡಾವಳಿ

ಪೊನ್ನಂಪೇಟೆಯ ಟರ್ಫ್ ಮೈದಾನದ ಹಿಂದೆ
ಸ್ಕೋರ್ ಬೋರ್ಡಿನ ಅಂಕಿಗಳನ್ನಿಡುವ ಕೋಣೆ.
ಗೋಡೆಗೊರಗಿ ಧೂಳು ಹಿಡಿದ ಒಂಬತ್ತು, ಸೊನ್ನೆ, ನಾಲ್ಕು.
ಐದು ಕುರ್ಚಿ; ನನಗೊಂದು ಸ್ಟೂಲು.
ನಾನು ಗುಮಾಸ್ತ. ಹಾಕಿ ಆಡಿದವನಲ್ಲ.
ಮೂವರು ಕೇಳಿದ್ದನ್ನು, ಇಬ್ಬರು ಹೇಳಿದ್ದನ್ನು
ಪುಸ್ತಕಕ್ಕೆ ಇಳಿಸುವುದಷ್ಟೇ ಕೆಲಸ.

ಮೇಜಿನ ಮೇಲೆ, ಟವೆಲು ಹಾಸಿ, ಸ್ಟಿಕ್ಕು.
ಯಾರೂ ಅದನ್ನು ನೋಡುತ್ತಿಲ್ಲ, ಎಲ್ಲರೂ ನೋಡುತ್ತಿದ್ದಾರೆ.

ಉತ್ತಯ್ಯ, ಲೀಗಿನಲ್ಲಿ ಹನ್ನೆರಡು ಲಕ್ಷಕ್ಕೆ ಹೋದವನು
(ಗೋಣಿಕೊಪ್ಪದ ಟಯರ್ ಅಂಗಡಿ ಮೇಲೆ ಅವನ ಚಿತ್ರವಿದೆ),
ಮೊಣಕಾಲು ಅಲುಗಿಸುತ್ತ ಕೂತಿದ್ದಾನೆ.
ಎದುರಿಗೆ ಅಂಪೈರು ಬೆಳ್ಯಪ್ಪ,
ಸುಂಟಿಕೊಪ್ಪದ ಲಾರಿ ಆಫೀಸಿನಲ್ಲಿ ಬಿಲ್ಲು ಬರೆಯುವವನು.
ಪಂದ್ಯಕ್ಕೆ ಆರುನೂರು ರೂಪಾಯಿ, ಊಟ ಬೇರೆ.
ಹುಬ್ಬಿನ ಮೇಲೆ ಐದು ಹೊಲಿಗೆ.

ಅಧ್ಯಕ್ಷರು, ಸುಬೇದಾರ್ ನಾಣಯ್ಯ, ಕೆಮ್ಮಿ ಹೇಳಿದರು:
'ಬರ್ಕೊಳ್ಳಿ. ಐವತ್ತೆಂಟನೇ ನಿಮಿಷದಲ್ಲಿ
ಸ್ಟಿಕ್ಕು ಅಂಪೈರರ ಹಣೆಗೆ ತಾಗಿತು.'
ಬರೆದೆ.
ತಾಗಿತು. ಎಷ್ಟು ಸಾಧು ಕ್ರಿಯಾಪದ!
ಹೊಸಿಲಿಗೆ ಹೆಬ್ಬೆರಳು ತಾಗುತ್ತದೆ,
ಬಸ್ಸಿನಲ್ಲಿ ಮೈಗೆ ಮೈ ತಾಗುತ್ತದೆ,
ಮಗುವಿಗೆ ದೃಷ್ಟಿ ತಾಗುತ್ತದೆ,
ಯಾರದೆಂದು ಹುಡುಕಿಕೊಂಡು ಯಾರು ಹೋಗುತ್ತಾರೆ?

'ಹೊಡೆದ ಅಂತ ಬರೀರಿ' ಎಂದರು ಚೋಂದಮ್ಮ,
ಒಂದು ಕಾಲದ ರೈಟ್ ಹಾಫ್, ಈಗ ಎರಡೂ ಮಂಡಿಗೆ ಬೆಲ್ಟು.
'ಗಾಳಿಗೆ ಎದ್ದು ಹೋಯ್ತಾ ಆ ಸ್ಟಿಕ್ಕು?'
ವಕೀಲರು ನಕ್ಕರು. ಸುಬೇದಾರರು ನಗಲಿಲ್ಲ.
'ಒಂದು ಶಬ್ದಕ್ಕೆ ಹುಡುಗನ ನೌಕರಿ ಹೋಗ್ತದೆ ಚೋಂದಮ್ಮ.'
'ಒಂದಂಗುಲ ಕೆಳಗೆ ಬಿದ್ದಿದ್ರೆ ಇವನ ಕಣ್ಣು ಹೋಗ್ತಿತ್ತು.'

ತಾಗಿತು ಎಂಬುದನ್ನು ಹೊಡೆದುಹಾಕಿದೆ.
ಆ ಹೊತ್ತಿಗೆ ಕೋಣೆಯಲ್ಲಿ
ಹೊಡೆದವನು ನಾನೊಬ್ಬನೇ.

ಆಮೇಲೆ ಸುಬೇದಾರರು ಮೆಲ್ಲಗೆ:
'ಕಳೆದ ಕೈಲ್‌ಪೊಳ್ದ್‌ಗೆ ನಿಮ್ಮನೆಗೆ ಬಂದಿದ್ದೆ.
ಕೋವಿಯ ಪಕ್ಕದಲ್ಲಿ ಇದೇ ಸ್ಟಿಕ್ಕು,
ಗಂಧ ಹಚ್ಚಿ, ತೋಕ್‌ಪೂ ಸಿಕ್ಕಿಸಿ.
ಕೋವಿ ಕೈಗಿಡುವಾಗ ನಿನ್ನ ಪಟ್ಟೆದಾರ ಏನು ಹೇಳಿದ್ರು?'
ಮೊಣಕಾಲು ನಿಂತಿತು.
ಉತ್ತಯ್ಯ ಕೊಡವ ತಕ್ಕಿನಲ್ಲಿ ಏನೋ ಅಂದ.
'ಅದನ್ನ ಬರೀಬೇಡಿ' ಎಂದರು ಸುಬೇದಾರರು.

'ಹೊಡೆದೆ. ಅದು ಹೌದು' ಎಂದ, ಈಗ ಎಲ್ಲರಿಗೂ ಕೇಳುವಂತೆ.
'ಆದ್ರೆ ಚೆಂಡು ನನ್ನ ಕಾಲಿಗೆ ತಾಗಿರಲಿಲ್ಲ.'
ಬೆಳ್ಯಪ್ಪ ಮೊದಲ ಸಲ ತಲೆಯೆತ್ತಿದ.
'ತಾಗಿತ್ತು.'
'ಇಲ್ಲ.'
'ಎಡಗಾಲು. ಬೂಟಿನ ತುದಿ.
ಸಾರ್, ದಂಡ ನೀವು ಹಾಕಿ, ಬಿಡಿ.
ಆ ಕಾರ್ನರ್ ಸರಿಯಾಗಿತ್ತು, ಅದನ್ನ ಬರೀರಿ.'

ಹದಿನೆಂಟು ತಿಂಗಳು. ಐವತ್ತು ಸಾವಿರ. ಆಸ್ಪತ್ರೆಯ ಖರ್ಚು.
ಕಾರ್ನರಿನ ವಿಷಯ ಈ ಸಭೆಯ ವ್ಯಾಪ್ತಿಗೆ ಬಾರದು ಎಂದರು ವಕೀಲರು.
ಸಹಿ ಹಾಕುವ ಮುನ್ನ ಬೆಳ್ಯಪ್ಪ
ಬೆರಳಿಟ್ಟು ಓದಿದ, ಆ ಸಾಲಿಗಾಗಿ,
ಎರಡು ಸಲ.

ಎಲ್ಲ ಹೋದ ಮೇಲೆ ಕಿಟಕಿಯಲ್ಲಿ ಕಂಡದ್ದು:
ಉತ್ತಯ್ಯನ ಜೀಪು ಬಸ್ ಸ್ಟಾಪಿನ ಮುಂದೆ ನಿಂತಿತು.
ಬೆಳ್ಯಪ್ಪ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ.
ಜೀಪು ಹೋಯಿತು.

ಸ್ಟಿಕ್ಕನ್ನು ಬೀರುವಿಗೆ ಇಡಬೇಕು.
ಕೈಗೆತ್ತಿಕೊಂಡೆ. ಇಷ್ಟು ಹಗುರವೆಂದು ಗೊತ್ತಿರಲಿಲ್ಲ.
ಯಾರೂ ಇಲ್ಲದ ಕೋಣೆಯಲ್ಲಿ ಒಮ್ಮೆ ಬೀಸಿದೆ,
ಒಂಬತ್ತರ ಧೂಳು ಎದ್ದಿತು.
ಮತ್ತೆ ಕೂತು ರಸೀದಿ ಬರೆದೆ:
ಸ್ಟಿಕ್ಕು ಒಂದು. ಬಣ್ಣ ಕಪ್ಪು.
ಬಿರುಕಿಲ್ಲ.
ಸ್ಥಿತಿ: ಚೆನ್ನಾಗಿದೆ.