ಕೊನೆಯಲ್ಲಿ ನಾಲ್ಕು ಏಳು

ಶಕೀಬನ ಅಂಗಡಿಯ ಗಾಜಿಗೆ ನಂಬರುಗಳನ್ನು ಅಂಟಿಸಿದ್ದಾರೆ
ಬೆಲೆಚೀಟಿ ಸಮೇತ, ಮೀನನ್ನು ಮಂಜುಗಡ್ಡೆಯ ಮೇಲೆ ಮಲಗಿಸಿದ ಹಾಗೆ.
ಕೆಳಗೆ ಅಗ್ಗದವು, ಎಷ್ಟು ಸಲ ಹೇಳಿದರೂ ನಾಲಿಗೆಗೆ ಕೂರದವು.
ಮೇಲಿನ ಸಾಲಿನಲ್ಲಿ ಹಳೆಯ ಸೊನ್ನೆ ಮೂರುಗಳು,
ಬೈರೂತಿನಲ್ಲಿ ಮೊಬೈಲು ಇಟ್ಟಿಗೆಯಷ್ಟಿದ್ದಾಗ ಹುಟ್ಟಿದವು.

ಗರಬೇದ್ ಬಂದದ್ದು ಮಂಗಳವಾರ, ಮಂಡಿಗೆ ಪಟ್ಟಿ ಸುತ್ತಿಕೊಂಡು.
ಇಪ್ಪತ್ತೆಂಟು ವರ್ಷ ಬುರ್ಜ್ ಹಮ್ಮೂದಿನ ಓಣಿಗಳಿಗೆ
ನೀರು ಹೊತ್ತ ಲಾರಿ ಆತನದು. ಲಾರಿ ಮಾರಿಯಾಯಿತು.
ಪೈಪು, ಪಂಪು ಅಳಿಯ ಒಯ್ದ. ಉಳಿದದ್ದು ಇದೊಂದೇ,
ಕೊನೆಯಲ್ಲಿ ನಾಲ್ಕು ಏಳು.

ಅರಬ್ಬಿಯಲ್ಲಿ ಅದು ಬರೀ ಅಂಕಿ.
ನನ್ನ ಕನ್ನಡದ ಕಿವಿಗೆ ಮಾತ್ರ
ಯಾರೋ ನಸುಕಿನಲ್ಲಿ ಭುಜ ಅಲುಗಿಸಿದಂತೆ:
ಏಳು, ಏಳು, ಏಳು, ಏಳು.
ನಿಜಕ್ಕೂ ಅದು ಅಷ್ಟನ್ನೇ ಮಾಡಿತ್ತು, ಇಪ್ಪತ್ತೆಂಟು ವರ್ಷ.

ಕೊಳ್ಳುವವ ರವಾದ್, ಹಳೆಯ ಮರ್ಸಿಡಿಸ್ ಮಾರುವ ಹುಡುಗ.
ಮೂರು ಸಾವಿರ ಡಾಲರು, ರಬ್ಬರ್ ಬ್ಯಾಂಡು ಸುತ್ತಿದ್ದು.
ಶಕೀಬ್ ಕಾಗದ ಮುಂದಿಟ್ಟ.
ಗರಬೇದ್ ಹಣೆಯಿಂದ ಕನ್ನಡಕ ಇಳಿಸಿ
ಯಾರೂ ಓದದ ಇರುವೆಸಾಲನ್ನು ಓದಿದ:
‘ಸದರಿ ಸಂಖ್ಯೆ ಸರ್ಕಾರದ ಸ್ವತ್ತು.
ಬಳಕೆದಾರನಿಗೆ ಬಳಕೆಯ ಹಕ್ಕು ಮಾತ್ರ.’

‘ನನ್ನದಲ್ಲದ್ದನ್ನು ನಾನು ಹೇಗೆ ಮಾರಲಿ?’

ಶಕೀಬ್ ನಕ್ಕ. ‘ಬಸ್ಸಿನಲ್ಲಿ ಸೀಟು ನಿನ್ನದೇನು?
ಆದರೂ ನೀನು ಎದ್ದರೆ ತಾನೇ ಇನ್ನೊಬ್ಬ ಕೂರುವುದು?
ನೀನು ಮಾರುತ್ತಿರುವುದು ಏಳುವುದನ್ನು, ಮಾರಾಯ.’

ಸಹಿ ಬಿತ್ತು. ಸಿಮ್ ಹೊರಗೆ ಬಂತು,
ಹಾಲುಹಲ್ಲಿನಷ್ಟೇ ಇತ್ತು.

ಆಮೇಲೆ ಆಗಸ್ಟ್.
ನಲ್ಲಿಗಳು ಕೆಮ್ಮಿ ಕೆಮ್ಮಿ ಸುಮ್ಮನಾದವು.
ಬೆಳಗಿನ ಐದಕ್ಕೇ ರವಾದನ ದಿಂಬಿನ ಕೆಳಗೆ ಶುರು:
‘ಗರಬೇದ್, ಮೂರನೇ ಮಹಡಿ.’ ‘ಗರಬೇದ್, ಬೇಕರಿ ಹಿಂದೆ.’
‘ಗರಬೇದ್, ಮನೆಯಲ್ಲಿ ಬಾಣಂತಿ ಇದ್ದಾಳೆ, ತೊಟ್ಟು ನೀರಿಲ್ಲ.’
ರಾಂಗ್ ನಂಬರು ಅಂದ. ನಂಬರು ಸರಿಯಾಗಿಯೇ ಇತ್ತು.
ಬೈದ. ಹೆಂಗಸರು ತಿರುಗಿ ಬೈದರು, ಎರಡೆರಡು ಭಾಷೆಯಲ್ಲಿ.

ಕೊನೆಗೆ ಮನೆಗೇ ಬಂದ.
‘ನಾನು ಕೊಂಡದ್ದು ಏಳುಗಳನ್ನು. ಊರಿನ ಬಾಯಾರಿಕೆಯನ್ನಲ್ಲ.’
ಗರಬೇದ್ ಬಾಲ್ಕನಿಗೆ ಕರೆದು ಕೈತೋರಿದ.
ತಾರಸಿಗಳ ಮೇಲೆ ಟ್ಯಾಂಕುಗಳು, ನೂರೋ ಇನ್ನೂರೋ,
ಒಂದೊಂದರ ಹೊಟ್ಟೆಯ ಮೇಲೂ ಬಿಳಿ ಬಣ್ಣದಲ್ಲಿ ಅದೇ ನಂಬರು,
ಅವನದೇ ಕೈಬರಹ, ಮೂರರ ಬಾಲ ಕೊಂಚ ಉದ್ದ.
‘ಬಣ್ಣ ನನ್ನ ದುಡ್ಡಿನದು,’ ಅಂದ, ‘ಟ್ಯಾಂಕು ಅವರದು.
ಅಳಿಸುವುದಾದರೆ ನೀನೇ ಹತ್ತು. ನನ್ನ ಮಂಡಿ ನೋಡು.’
ಕಾಫಿ ಕೊಟ್ಟ. ದುಡ್ಡು ವಾಪಸ್ಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಬಾಗಿಲಲ್ಲಿ ಇಷ್ಟು ಸೇರಿಸಿದ:
‘ಆ ನಂಬರಿಗೆ ನಾನು ಒಮ್ಮೆಯೂ ಫೋನು ಮಾಡಿದವನಲ್ಲ.
ಈ ಬದಿ ಅದು ಹೇಗೆ ಬಡಿದುಕೊಳ್ಳುತ್ತದೆ, ಗೊತ್ತು.
ಆ ಬದಿ ಕಾಯುವುದು ಹೇಗೋ, ಗೊತ್ತಿಲ್ಲ.’

ಮದಾಮ್ ಸಿರ್ವಾರ್ತ್‌ಗೆ ಎಂಬತ್ತಾರು, ಕಣ್ಣು ಕಾಣದು.
ಗುಂಡಿಗಳಿರುವ ಹಳೆಯ ಫೋನು ಅವಳದು. ಕೊನೆಯ ನಾಲ್ಕಕ್ಕೆ
ಹೆಬ್ಬೆರಳನ್ನು ಜಾಗದಿಂದ ಕದಲಿಸುವುದೂ ಇಲ್ಲ,
ಹಣ್ಣು ಮಾಗಿದೆಯೇ ಎಂದು ನೋಡುವಂತೆ
ಒತ್ತುತ್ತಾಳೆ, ಒತ್ತುತ್ತಾಳೆ.
ಸರ್ಕಾರದ ಸ್ವತ್ತು ಇರುವುದು ಅಲ್ಲಿ,
ಆ ಬೆರಳ ತುದಿಯ ಗಡುಸು ಚರ್ಮದಲ್ಲಿ.

ರವಾದ್ ಆಗ ಬಿಳಿಯ ಮರ್ಸಿಡಿಸ್‌ನ ಬಾನೆಟ್ ಎತ್ತಿ
ಗಿರಾಕಿಗೆ ಎಂಜಿನ್ನು ತೋರಿಸುತ್ತಿದ್ದ.
‘ಗರಬೇದ್?’
ಗಿರಾಕಿ ಕಾದ. ಅವಳೂ ಕಾದಳು.
‘ಹ್ಞೂಂ,’ ಅಂದ ರವಾದ್. ‘ಎಷ್ಟು ಲೀಟರು, ಮದಾಮ್?’