ಸೊಟ್ಟು

ಕಾಕ್ಸ್ ಟೌನಿನ ಹಿಂದಿನ ಗಲ್ಲಿ, ಲೇತಿನ ಕೂಗು.
ಗೌಸ್ ಪೀರ್ ನನ್ನ ತೋಳು ಅಳೆಯುತ್ತಾನೆ
ರವಿಕೆ ಹೊಲಿಯುವವನ ಹಾಗೆ.

"ಮೇಪಲ್ ಮರ, ಕೆಳಗೆ ಬೀಟೆ. ಹಿಡಿಯ ಹತ್ತಿರ
ಹಿತ್ತಾಳೆ ತಂತಿಯಲ್ಲಿ ನಿಮ್ಮ ಹೆಸರು.
ನಲವತ್ತು ಸಾವಿರ, ನಾಲ್ಕು ತಿಂಗಳು.
ಇಲ್ಲಾಂದ್ರೆ ಇದಕ್ಕೇ ಹೊಸ ತುದಿ, ಹೊಸ ಬಳೆ,
ಎರಡು ಸಾವಿರದೊಳಗೆ ಮುಗೀತು."

ಇದು, ಪಾರ್ಲರ್ ಮುಚ್ಚಿದ ದಿನ
ಮಾರ್ಕರ್ ಅಂತೋಣಪ್ಪ ಗೋಡೆಯಿಂದ ತೆಗೆದುಕೊಟ್ಟದ್ದು.
ನಾನಾಗ ಗಲ್ಲಾಪೆಟ್ಟಿಗೆ ಮುಂದೆ ಕೂತು
ಗಂಟೆ ಲೆಕ್ಕ ಬರೆಯುವವಳು,
ಗಂಡಸರು ಊಟಕ್ಕೆ ಹೋದಾಗ ಆಡಿದವಳು.

ಅವನು ಮೇಜಿನ ಮೇಲೆ ಉರುಳಿಸಿದ.
ಕುಂಟಿತು: ಟಕ್, ಟಕ್.
"ನೋಡಿ, ಸೊಟ್ಟ."

ಗೊತ್ತು. ಹನ್ನೊಂದು ವರ್ಷದಿಂದ ಗೊತ್ತು.
ಎಡಕ್ಕೆ ಅಕ್ಕಿಕಾಳಿನಷ್ಟು ಸರಿದು ಗುರಿಯಿಟ್ಟರೆ
ಎಂಟನೇ ಚೆಂಡು ಮೂಲೆಯ ಗುಳಿಗೆ
ಕರೆದ ಹಾಗೆ ಹೋಗುತ್ತದೆ.
ಬೇರೆಯವರ ನೆಟ್ಟನೆ ಕೋಲು ಹಿಡಿದ ದಿನ
ಬೀಳುವುದು ಬಿಳಿಚೆಂಡು.

"ಹೊಸದಕ್ಕೂ ಈ ಸೊಟ್ಟು ಹಾಕಿಕೊಡ್ತೀರಾ?"

ಅವನು ನಗಲಿಲ್ಲ. ಒಂದು ಕಣ್ಣು ಮುಚ್ಚಿ
ಉದ್ದಕ್ಕೂ ನೋಡಿದ.
"ಮರಕ್ಕೆ ಹಾಕಬಹುದು ಮೇಡಂ.
ನಿಮ್ಮ ಮೊಣಕೈಗೆ ಯಾರು ಹೇಳ್ತಾರೆ?"

ತುದಿಯ ಚರ್ಮ ಮಾತ್ರ ಬದಲಾಯಿತು.
ಬಳೆ ಬೇಡ ಅಂದೆ.
ಗಲ್ಲಿ ದಾಟಿದ ಮೇಲೆ, ಹಾಕಿಸಬೇಕಿತ್ತೇನೋ ಅನ್ನಿಸಿತು.

ಬಸ್ಸಿನಲ್ಲಿ ಕಂಡಕ್ಟರು ಸೊನ್ನೆ ರೂಪಾಯಿ ಟಿಕೆಟ್ ಕೊಟ್ಟು
"ಏನ್ರೀ ಅದು, ಕೊಳಲಾ?" ಅಂದ.
ಹೌದು ಅಂದೆ.
ನಲವತ್ತು ಸಾವಿರವನ್ನು ಇನ್ನೂ
ಮನಸ್ಸಿನಲ್ಲೇ ಎಣಿಸುತ್ತಾ ಕೂತು
ಪುಲಿಕೇಶಿನಗರದ ಸ್ಟಾಪು ದಾಟಿಬಿಟ್ಟೆ.