ಬಾಲ್ದಿಯವನು

ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಾರೂ ಕಂತು ಇದ್ದವು,
ತೊಳೆದಿಟ್ಟ ಬಂಗಡೆಯ ಹಾಗೆ ಸಾಲಾಗಿ, ಹೊಳೆಯುತ್ತ.
ಒಂದೇ ರಾತ್ರಿ ಒಂಬತ್ತು ನೋಡಿದೆ.
ಕಣ್ಣು ಉರಿಯಿತು, ಅದು ಬೇರೆ ಮಾತು.

ಆಗ ಹೀಗಿರಲಿಲ್ಲ. ಕೋಡಿಬಾಗದಲ್ಲಿ ಇನಾಸನ ರೇಡಿಯೋ ಅಂಗಡಿ.
ಭಾನುವಾರ ಸಂಜೆ ಹಲಗೆ ತೆಗೆದು
ಟೀವಿಯ ಮುಖವನ್ನು ರಸ್ತೆಗೆ ತಿರುಗಿಸಿಡುತ್ತಿದ್ದ.
ಹೆಂಚಿನ ಮೇಲೆ ಅವನ ತಮ್ಮ, ಕೈಯಲ್ಲಿ ಆಂಟೆನಾ:
"ಗೋವಾಕ್ಕೆ ತಿರುಗಿಸು... ಇನ್ನೂ... ಸಾಕು... ಹೋಯ್ತು!"
ಪರದೆಯ ತುಂಬ ಉಪ್ಪು ಸುರಿಯುತ್ತಿತ್ತು.
ಉಪ್ಪಿನೊಳಗಿಂದ, ಬಳಚಿನ ಚಿಪ್ಪಿನಂಥ ಒಂದು ಹಡಗು
ಯಾವ ಊರಿಗೂ ಸೇರದ ಕತ್ತಲಲ್ಲಿ
ತೆರೆಯೇ ಇಲ್ಲದೆ ತೇಲುತ್ತ ಬರುವುದು.
ಅದರ ಯಂತ್ರದ ಮೊರೆತ ಕಿವಿ ತುಂಬುತ್ತಿತ್ತು.
ಇಂಗ್ಲಿಷ್ ಹೆಸರು ಬಾಯಿಗೆ ಬರಲಿಲ್ಲ,
ಬಳಚು ಹಡಗು ಅಂದೆವು.

ಮಾತು ತಿಳಿಯುತ್ತಿದ್ದುದು ಪುಂಡಲೀಕನಿಗೆ ಮಾತ್ರ.
ಎಂಟನೇ ಇಯತ್ತೆಗೆ ಎರಡು ಸಲ ಕೂತವನು,
ಬೈತಖೋಲದ ದಕ್ಕೆಯಲ್ಲಿ ಮಂಜುಗಡ್ಡೆ ಒಡೆಯುವವನ ಮಗ.
ಎಲ್ಲರಿಗಿಂತ ಮುಂದೆ ಕುಕ್ಕರಗಾಲಲ್ಲಿ ಕೂತು
ಒಬ್ಬೊಬ್ಬರ ತುಟಿ ಆಡಿದ ಕೂಡಲೇ ನಮಗೆ ಹೇಳುವನು:
"ಕಪ್ತಾನ ಹೇಳ್ತಾನೆ, ಈ ನೀರಿಗೆ ಬಲೆ ಬಿಡಬೇಡಿ,
ಇಲ್ಲಿನ ಮೀನಿಗೆ ನೆನಪಿದೆ."
"ಡಾಕ್ಟರಬಾಯಿ ಹೇಳ್ತಾಳೆ, ಹೆದರಿದವನ ರಕ್ತ ನೀಲಿ ಆಗ್ತದೆ,
ಮೂರು ದಿನ ಬರೇ ಗಂಜಿ ಕೊಡಿ."

ಯಂತ್ರದ ಕೋಣೆಯ ಮೂಲೆಯಲ್ಲಿ
ಬಾಲ್ದಿ ಹಿಡಿದ ಒಬ್ಬನಿದ್ದ. ಬಾಗಿಲು ತೆರೆದಾಗ ಒಂದು ಗಳಿಗೆ ಕಂಡು ಮಾಯ.
"ಅಂವ ಯಾರು?" ನಾನು ಕೇಳಿದೆ.
ಪುಂಡಲೀಕ ತಡವರಿಸಲಿಲ್ಲ:
"ಸೋಮಾ. ಹಡಗಿನೊಳಗೆ ಸೋರುವ ಕತ್ತಲನ್ನು
ತೋಡಿ ಹೊರಗೆ ಚೆಲ್ಲುವವ.
ಒಂದು ದಿನ ಮಲಗಿದರೆ ಎಲ್ಲರೂ ಮುಳುಗ್ತಾರೆ."

ಮೇ ಕಳೆಯುವ ಮೊದಲೇ ಧಾರಾವಾಹಿ ಮುಗಿಯಿತು.
ಇನಾಸ ಹಲಗೆ ಹಾಕಿದ. ಪುಂಡಲೀಕ ಹಾಕಲಿಲ್ಲ.
ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಇನ್ನೂ ಮೂರು ವರ್ಷ
ಸೋಮನ ಕತೆ ಕವಲೊಡೆಯಿತು:
ಸೋಮನ ತಂಗಿಯನ್ನು ಚಂದ್ರನಾಚೆಗಿನ ಮಾಜಾಳಿಗೆ ಕೊಟ್ಟದ್ದು,
ಬಾಲ್ದಿಗೆ ತೂತು ಬಿದ್ದ ವಾರ,
ಮುಪ್ಪಾದ ಕಪ್ತಾನ ದಾರಿ ಕೇಳಲು ಇವನ ಮೂಲೆಗೆ ಬಂದದ್ದು.
ಬೆರಳು ಬಿಳಿಚಿ ಬಿರಿಯುತ್ತಿದ್ದವು,
ಬುಟ್ಟಿ ತುಂಬಿದ್ದೇ ಗೊತ್ತಾಗುತ್ತಿರಲಿಲ್ಲ.

ಈಗ ಚಿತ್ರ ಎಷ್ಟು ಶುದ್ಧವೆಂದರೆ
ಬಾಗಿಲು ಎಳೆಯುವ ದಾರ ಕಾಣುತ್ತದೆ.
ನಕ್ಷತ್ರಗಳು ಕರಿಬಟ್ಟೆಗೆ ಹೊಡೆದ ತೂತು.
ಕಪ್ತಾನ ಒರಗಿದರೆ ಬಂಡೆಯೇ ಹಿಂದೆ ಸರಿಯುತ್ತದೆ.
ಕೆಳಗೆ ಓಡುವ ಅಕ್ಷರವನ್ನು ಮೊಮ್ಮಗಳು ಓದಿ ಹೇಳಿದಳು.
ಮೀನಿನ ಸುದ್ದಿಯೇ ಇಲ್ಲ. ಗಂಜಿಯೂ ಇಲ್ಲ.
ಉದ್ದಕ್ಕೂ ಇಂಧನದ ಲೆಕ್ಕ, ಯಾರು ಮೇಲು ಎಂಬ ಜಗಳ.
ಆಮೇಲೆ ಅವರೂ ಒಂದು ಕವಲು ಮಾಡಿದ್ದರಂತೆ, ಬಣ್ಣದಲ್ಲಿ:
ಕಪ್ತಾನನ ಮಗ, ಹೊಸ ಹಡಗು, ಹೊಸ ಬಂದೂಕು.
ಎರಡು ಕಂತು ನೋಡಿದೆ. ಆ ಹಡಗು ಸೋರುವುದೇ ಇಲ್ಲ.
ಬಾಲ್ದಿಯವನು ಬಂದದ್ದು ಒಟ್ಟು ನಾಲ್ಕು ಸಲ.
ನಿಲ್ಲಿಸಿ ನಿಲ್ಲಿಸಿ ಎಣಿಸಿದೆ,
ಎಲ್ಲ ಸೇರಿ ಹನ್ನೊಂದು ಸೆಕೆಂಡು.

ಬಸ್ಸು ಹಿಡಿದು ಸದಾಶಿವಗಡಕ್ಕೆ ಹೋದೆ.
ಕಾಳಿಯ ಹಳೆ ಸೇತುವೆ ಬಿದ್ದಲ್ಲಿ
ಎಲ್ಲರೂ ಒಮ್ಮೆ ಕಿಟಕಿಗೆ ತಿರುಗುತ್ತಾರೆ, ನಾನೂ ತಿರುಗಿದೆ.
ಪುಂಡಲೀಕ ಅಂಗಳದಲ್ಲಿ ಬಲೆಗೆ ಸೀಸ ಕಟ್ಟುತ್ತಿದ್ದ.
ಎಲ್ಲ ಹೇಳಿದೆ, ತುಸು ಸಿಟ್ಟಿನಲ್ಲೇ.
ಅಂವ ಹಲ್ಲಿನಿಂದ ದಾರ ಕಡಿದ.
"ನನಗೆಲ್ಲಿ ಬರ್ತಿತ್ತು ಇಂಗ್ಲಿಷು, ಶೆವಂತೀ?
ಇನಾಸನ ಟೀವಿಗೆ ಸ್ವರವೇ ಇರಲಿಲ್ಲ.
ಸ್ಪೀಕರ್ ಸುಟ್ಟಿತ್ತಲ್ಲ, ಮರೆತೆಯಾ?"

ಹಾಗಾದರೆ ಆ ಮೊರೆತ?
ಅಂಗಡಿಯ ಹಿಂದೆ, ಗಾಳಿಮರಗಳಾಚೆ,
ಕಡಲು.

ರಾತ್ರಿ ಮನೆಯಲ್ಲಿ ಸ್ವರ ತೆಗೆದೆ, ಅಕ್ಷರವನ್ನೂ.
ಹತ್ತನೆಯ ಕಂತು. ಬಾಗಿಲು ತೆರೆಯಿತು, ದಾರ ಕಂಡಿತು,
ಮೂಲೆಯಲ್ಲಿ ಅವನು.
ಬಾಲ್ದಿ ಅಂಚಿನ ತನಕ ಕಪ್ಪಾಗಿತ್ತು.
ತಳದಿಂದ ಹನಿಯುತ್ತಿತ್ತು.